ಆರಿಫೆರಸ್ ಎಂದು ಬರೆದವನು

ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ನೆಟ್ಟಗೆ ಆಡಲು ಬಾರದ ಆಂಜಿನಪ್ಪ, ಇಂಗ್ಲಿಷ್ ಮೇಷ್ಟರುಗಳೇ ತಡವರಿಸುವಂಥ ಒಂದು ಪದವನ್ನು ವಾರಕ್ಕೆ ಹತ್ತಾರು ಸಲ ತಪ್ಪಿಲ್ಲದೆ ಬರೆಯುತ್ತಿದ್ದ. ಎ, ಯು, ಆರ್, ಐ, ಎಫ್, ಇ, ಆರ್, ಓ, ಯು, ಎಸ್. ಒಟ್ಟು ಹತ್ತು ಅಕ್ಷರ. ಆರಿಫೆರಸ್. ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ, ಒಂದಿಷ್ಟೂ ಕೊಂಕಿಲ್ಲದೆ ಬರೆಯುತ್ತಿದ್ದ. ಅದರ ಅರ್ಥವೇನೆಂದು ಮೊದಲ ಮೂರು ವರ್ಷ ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ಅನ್ನಿಸಿಯೂ ಇರಲಿಲ್ಲ. ಎತ್ತಿನ ಗಾಡಿಗೆ ಬಣ್ಣ ಹೊಡೆಯುವವನು ಎತ್ತಿನ ಸುಳಿ ನೋಡುತ್ತಾ ಕೂರುತ್ತಾನೆಯೇ?

ಗಾಡಿಯ ಮಾತು ಸುಮ್ಮನೆ ಬಂದದ್ದಲ್ಲ. ಬಂಗಾರಪೇಟೆಯಿಂದ ಎರಡು ಮೈಲಿ ದೂರದ ಅವನ ಊರಿನಲ್ಲಿ, ಗಾಡಿಗಳಿಗೆ ಹೊಡೆಯುವ ತಗಡಿನ ಮೇಲೆ ಯಜಮಾನರ ಹೆಸರು ಬರೆಯುತ್ತಿದ್ದವನು ಅವನೇ. ಓದಿದ್ದು ಏಳನೇ ಕ್ಲಾಸು. ಅಪ್ಪನಿಗೆ ಕೂಲಿ, ಅಮ್ಮನಿಗೂ ಕೂಲಿ. ಕೈ ಮಾತ್ರ ಚೆನ್ನಾಗಿತ್ತು. ಆ ಕೈಯನ್ನು ನಂಬಿಕೊಂಡು ಎಪ್ಪತ್ತೆರಡರಲ್ಲಿ ಚಿನ್ನದ ಗಣಿಗೆ ಹೋದವನಿಗೆ ಸಿಕ್ಕಿದ್ದು ಮಾದರಿ ಕಲ್ಲಿನ ಚೀಲ ಹೊರುವ ಕೆಲಸ. ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಉರಿಗಾಂನಲ್ಲಿ ಇಳಿಯುವುದು, ಹಗ್ಗಕ್ಕೆ ತೂಗಿಬಿಟ್ಟ ಕಬ್ಬಿಣದ ತೊಟ್ಟಿಲಿನಲ್ಲಿ ಭೂಮಿಯೊಳಗೆ ಇಳಿಯುವುದು, ಕಲ್ಲು ಹೊತ್ತು ಮೇಲೆ ಬರುವುದು. ಪೆಟ್ಟಿಗೆಗಳ ಮೇಲೆ ಬರೆಯುತ್ತಿದ್ದ ಮುದುಕ ಆ ವರ್ಷವೇ ತೀರಿಕೊಂಡು, ಚೀಲದ ಜೊತೆಗೆ ಬ್ರಷ್ಷೂ ಇವನ ಕೈಗೆ ಬಂತು.

ಮಾದರಿ ಕೋಣೆಯ ಯಜಮಾನರು ಕುಪ್ಪುಸ್ವಾಮಿ. ಆಂಡರ್ಸನ್‌ಪೇಟೆಯ ಮನುಷ್ಯ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಕೈಕೆಳಗಿನವರೊಡನೆ ಕನ್ನಡ. ಅವರ ಬಾಯಲ್ಲಿ ಮೂರೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡಿರುತ್ತಿದ್ದವು. ಗಣಿಯೊಳಗೆ ಕಲ್ಲು ಕೀಳುವ ಒಂದೊಂದು ಜಾಗದಲ್ಲೂ ತಿಂಗಳಿಗೊಮ್ಮೆ ಮಾದರಿ ತೆಗೆಯುವುದು ಅವರ ಕೆಲಸ. ಚಿನ್ನ ಇರುವುದು ಬಿಳಿ ಬೆಣಚುಕಲ್ಲಿನ ಪಟ್ಟೆಯಲ್ಲಿ. ಅದರ ಎರಡು ಪಕ್ಕದಲ್ಲೂ ಕಪ್ಪು ಕಲ್ಲು, ಅದರಲ್ಲಿ ಏನೂ ಇಲ್ಲ. ಸುತ್ತಿಗೆ ಮತ್ತು ಉಳಿ ಹಿಡಿದು ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಮತ್ತೆ ಕಪ್ಪಿಗೆ ಅಡ್ಡಲಾಗಿ ಒಂದು ಕಾಲುವೆ ಕೊರೆಯಬೇಕು. ಎಲ್ಲ ಕಡೆಯೂ ಒಂದೇ ಅಗಲ, ಒಂದೇ ಆಳ. ಉದುರಿದ ಚೂರನ್ನೆಲ್ಲ ಚೀಲಕ್ಕೆ ತುಂಬಿ ಪರೀಕ್ಷೆಗೆ ಕಳಿಸಬೇಕು. ಬಿಳಿಯನ್ನೇ ಹೆಚ್ಚು ಕೊರೆದರೆ ಇಲ್ಲದ ಚಿನ್ನ ಇದ್ದಂತೆ ಕಾಣುತ್ತದೆ.

"ಗೆರೆ ನೋಡಪ್ಪಾ, ಕಲ್ಲಿನ ಮೂತಿ ನೋಡಬೇಡ" ಎನ್ನುತ್ತಿದ್ದರು ಕುಪ್ಪುಸ್ವಾಮಿ. "ಮೂತಿ ನೋಡಿದ್ರೆ ಕೈ ವಾಲುತ್ತೆ."

ಪರೀಕ್ಷೆಯ ಚೀಟಿ ಬಂದ ಮೇಲೆ ಆ ಜಾಗದ ಉಳಿದ ಕಲ್ಲು ತುಂಬಿಟ್ಟ ಪೆಟ್ಟಿಗೆಯ ಮೇಲೆ ಎರಡರಲ್ಲಿ ಒಂದು ಪದ ಏರುತ್ತಿತ್ತು. ಚಿನ್ನ ಸಾಕಷ್ಟು ಇದ್ದರೆ ಈ ಹತ್ತು ಅಕ್ಷರದ ಪದ. ಇಲ್ಲದಿದ್ದರೆ ಇನ್ನೊಂದು ಗಿಡ್ಡ ಪದ, ಬರಡು ಎಂಬರ್ಥದ್ದು. ಗಿಡ್ಡ ಪದ ಬಿದ್ದ ಜಾಗವನ್ನು ಮುಚ್ಚಿ, ಅಲ್ಲಿದ್ದ ಕೂಲಿಯವರನ್ನು ಬೇರೆ ಕಡೆಗೆ ಅಟ್ಟುತ್ತಿದ್ದರು.

ಎಪ್ಪತ್ತೈದರಲ್ಲಿ ಒಂದು ದಿನ ಬಣ್ಣ ಒಣಗಲೆಂದು ಕಾಯುತ್ತಾ ಕೂತಿದ್ದಾಗ ಕುಪ್ಪುಸ್ವಾಮಿ ಕೇಳಿದರು. "ಇಷ್ಟು ದಿವಸ ಬರೀತಿದೀಯಲ್ಲ, ಅವರು ಯಾರು ಅಂತ ಗೊತ್ತಾ?"

"ಯಾರು ಸಾಮಿ?"

"ಆ ಪದ. ಮನೆ ಬಾಗಿಲಿಗೆ ಯಾರಾದ್ರೂ ಬಂದ್ರೆ ಏನು ಕೇಳ್ತೀಯ? ಹೆಸರು ಕೇಳ್ತೀಯ, ಕಸುಬು ಕೇಳ್ತೀಯ, ಯಾವೂರು ಅಂತ ಕೇಳ್ತೀಯ. ಪದ ಬಂದ್ರೂ ಹಂಗೇ ಕೇಳಬೇಕಪ್ಪಾ. ಹೆಸರು ಅಂದ್ರೆ ಸ್ಪೆಲ್ಲಿಂಗು, ಅದು ನಿನಗೆ ಬರುತ್ತೆ. ಕಸುಬು, ಊರು?"

ಆಂಜಿನಪ್ಪ ಹಲ್ಲು ಕಿರಿದ. ಕುಪ್ಪುಸ್ವಾಮಿ ಬೀರುವಿನಿಂದ ದಪ್ಪ ಡಿಕ್ಷನರಿ ತೆಗೆದರು. ಊರಿಗೆ ವಾಪಸು ಹೋಗುವಾಗ ಒಬ್ಬ ಬಿಳಿ ಸಾಹೇಬ ಬಿಟ್ಟುಹೋದದ್ದು. ಬೆನ್ನು ಕಿತ್ತುಹೋಗಿತ್ತು, ಕ್ಯಾನ್ವಾಸು ಹೊಲಿಸಿದ್ದರು.

"ಊರು ರೋಮಾಪುರಿ. ಲ್ಯಾಟಿನ್ ಜಾತಿ. ಆರಮ್ ಅಂದ್ರೆ ಚಿನ್ನ. ಫೆರ್ರೆ ಅಂದ್ರೆ ಹೊರೋದು. ಎರಡೂ ಸೇರಿ ಚಿನ್ನ ಹೊತ್ತಿದ್ದು ಅಂತ. ಕೊನೇಲಿರೋ ಬಾಲ ಐತಲ್ಲ, ಅದು ಬಂದ್ರೆ ಗುಣವಾಚಕ. ಗುಣವಾಚಕ ಅಂದ್ರೆ ಏನು? ತಾನಾಗಿ ಏನೂ ಅಲ್ಲ. ಪಕ್ಕದಲ್ಲಿರೋದರ ಗುಣ ಹೇಳೋದು, ಅಷ್ಟೇ. ಕಲ್ಲಿನ ಪಕ್ಕ ನಿಂತ್ಕೊಂಡು, ಇವನ ತಲೆ ಮೇಲೆ ಚಿನ್ನ ಐತೆ ಅಂತ ಸಾಕ್ಷಿ ಹೇಳುತ್ತೆ."

"ಹೊರೋದಾ?" ಎಂದ ಆಂಜಿನಪ್ಪ. "ಅಂಗಾದ್ರೆ ನಾನೂ ಅದೇ ಅಲ್ವಾ ಸಾಮಿ? ಮೂರು ವರ್ಷದಿಂದ ಚಿನ್ನದ ಕಲ್ಲು ಒತ್ತಿದೀನಿ."

ಕುಪ್ಪುಸ್ವಾಮಿ ನಕ್ಕರು. ಅಂದಿನಿಂದ ಬರೆಯುವಾಗ ಆಂಜಿನಪ್ಪನ ಕೈ ತುಸು ನಿಧಾನವಾಯಿತು. ಸಂಜೆ ರೈಲಿನಲ್ಲಿ ಪಕ್ಕದವರಿಗೆ ಪದದ ಹೆಸರು, ಕಸುಬು, ಊರು ಎಲ್ಲ ಒಪ್ಪಿಸುತ್ತಿದ್ದ. ಕೇಳಿದವರು ಇವನಿಗೆ ಗಾಳಿ ಬಡಿದಿದೆ ಎಂದುಕೊಂಡರು. ಅವರದೇನೂ ತಪ್ಪಿಲ್ಲ, ದಿನವೂ ಕೇಳಬೇಕೆಂದರೆ ಯಾರಿಗಾದರೂ ಬೇಜಾರೇ.

ಆ ವರ್ಷವೇ ಅವನ ಮದುವೆ ಆಯಿತು. ಹೆಂಡತಿ ಕದಿರಮ್ಮ, ಬೇತಮಂಗಲದ ಕಡೆಯವಳು. ಸಂಬಂಧ ಕುದುರಿಸಿದ್ದು ಅವಳ ಅಣ್ಣ ಜಯರಾಮಪ್ಪ. ಅವನು ಅದೇ ಗಣಿಯಲ್ಲಿ ಕಲ್ಲಿಗೆ ತೂತು ಕೊರೆಯುವ ಹಳೆಯ ಕೈ, ಇದ್ದದ್ದು ಉರಿಗಾಂನ ಕೂಲಿ ಲೈನಿನಲ್ಲಿ. ಅವನ ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತಂಗಿಯನ್ನು ಸಾಕಿದ್ದೇ ಅವನು. ಹೊಟ್ಟೆಯೊಳಗಿನಿಂದ ನಗುವ ಆಳು. ಆದರೆ ಎಂಬತ್ತರ ಹೊತ್ತಿಗೆ ಆ ನಗು ಕೆಮ್ಮಿನಲ್ಲಿ ಮುಗಿಯತೊಡಗಿತ್ತು.

ಎಂಬತ್ತೆರಡರಲ್ಲಿ ಕುಪ್ಪುಸ್ವಾಮಿ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹುಡುಗ ಸಾಹೇಬರಿಗೆ ಕೆಳಗಿಳಿದರೆ ತಲೆ ಸುತ್ತುತ್ತಿತ್ತು. ಉಳಿ, ಚೀಲ, ಬ್ರಷ್ ಮೂರೂ ಆಂಜಿನಪ್ಪನ ಪಾಲಿಗೆ ಬಂದವು. ಕಾಲುವೆ ಕೊರೆಯುವವನೂ ಅವನೇ, ಚೀಟಿ ಬಂದ ಮೇಲೆ ಪದ ಬರೆಯುವವನೂ ಅವನೇ. ಒಬ್ಬನ ಕೈಗೆ ಇಷ್ಟು ಕೊಡಬಾರದು ಎಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅವನು ಒಳ್ಳೆಯವನಾಗಿದ್ದ. ಒಳ್ಳೆಯವರಿಂದ ಆಗುವ ಕೆಲಸಗಳಿಗೆ ಲೆಕ್ಕ ಇಟ್ಟವರು ಯಾರೂ ಇಲ್ಲ.

ಮಾರನೆಯ ವರ್ಷ ಜಯರಾಮಪ್ಪ ಕೆಲಸ ಮಾಡುತ್ತಿದ್ದ ಜಾಗ ಮುಚ್ಚುತ್ತಾರೆ ಎಂಬ ಸುದ್ದಿ ಹಬ್ಬಿತು. ಬಿಳಿ ಪಟ್ಟೆ ಸಣ್ಣಗಾಗುತ್ತಿತ್ತು. ಇನ್ನೊಂದು ಸಲ ಮಾದರಿ ತೆಗೆದು ನೋಡುವುದು, ಇಲ್ಲದಿದ್ದರೆ ಅಲ್ಲಿನ ಆಳುಗಳನ್ನು ಗಣಿಯ ತಳಕ್ಕೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ತಳ ಎಂದರೆ ಬಂಡೆಯೇ ಬಿಸಿಯಾಗಿರುವ ಜಾಗ. ಗಟ್ಟಿ ಆಳುಗಳೂ ಅಲ್ಲಿಂದ ಸ್ಟ್ರೆಚರಿನ ಮೇಲೆ ಬಂದದ್ದುಂಟು. ಆ ಕೆಮ್ಮು ಹೊತ್ತುಕೊಂಡು ಜಯರಾಮಪ್ಪ ಅಲ್ಲಿಗೆ ಇಳಿದರೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು.

ಕದಿರಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ತಲೆ ಎತ್ತದೆ ಕೇಳಿದಳು. "ಅಣ್ಣನ ಜಾಗದ ಕಲ್ಲು ಒಡ್ಯೋದು ನೀನೇ ಅಲ್ವಾ?"

"ಊಂ."

"ಪೆಟ್ಟಿಗೆ ಮ್ಯಾಲೆ ಬರೆಯೋದೂ ನೀನೇ."

"ನಾನು ಬರೆಯೋದು ಚೀಟೀಲಿ ಬಂದಿದ್ದನ್ನ ಕಣೇ. ನನ್ನಿಷ್ಟ ಬಂದಂಗೆ ಬರೆಯೋಕಾಯ್ತದಾ?"

"ನಂಗೇನು ತಿಳೀತದೆ? ನಮ್ಮಣ್ಣ ತಳಕ್ಕೆ ಓಗಬಾರದು, ಅಷ್ಟೇ."

ಅವಳು ಮತ್ತೆ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳಬಹುದಿತ್ತು.

ಎರಡು ದಿನದ ಮೇಲೆ ಆಂಜಿನಪ್ಪ ಆ ಜಾಗದಲ್ಲಿ ತಲೆಯ ದೀಪ ಹೊತ್ತಿಸಿಕೊಂಡು ನಿಂತಿದ್ದ. ಜೊತೆಗೆ ಬಂದ ಕೂಲಿಯವನು ದೂರದಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಎದುರಿಗೆ ಬಂಡೆ. ಅಂಗೈ ಅಗಲದ ಬಿಳಿ, ಎರಡೂ ಕಡೆ ತೋಳುದ್ದ ಕಪ್ಪು. ಆಂಜಿನಪ್ಪ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕಪ್ಪಿನಲ್ಲಿ ಉಳಿಯನ್ನು ಸುಮ್ಮನೆ ಆಡಿಸಿದ. ಬಿಳಿ ಬಂದಾಗ ಕೈ ಒಳಕ್ಕೆ ಹೋಯಿತು, ಎರಡಂಗುಲ, ಮೂರಂಗುಲ. ಹೆದರುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಬಾವನನ್ನು ಉಳಿಸುತ್ತಿದ್ದೇನೆ ಎಂಬ ಖುಷಿಯೂ ಇತ್ತು.

ಚೀಟಿ ಚೆನ್ನಾಗಿ ಬಂತು. ಪೆಟ್ಟಿಗೆಯ ಮೇಲೆ ಹತ್ತು ಅಕ್ಷರ ಏರಿದವು. ನಂಬಿಕೆಯಾಗದೆ ಮೇಲಿನವರು ಇನ್ನೂ ಎರಡು ಸಲ ಮಾದರಿ ತೆಗೆಸಿದರು. ಸಿಕ್ಕಿಬೀಳುವ ಹೆದರಿಕೆಯಿಂದ ಆಂಜಿನಪ್ಪ ಎರಡು ಸಲವೂ ಹಾಗೆಯೇ ಕೊರೆದ. ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು.

ಇಲ್ಲಿ ಅವನು ಒಂದನ್ನು ಮರೆತಿದ್ದ. ಹತ್ತು ವರ್ಷ ಚೀಲ ಹೊತ್ತವನು ಮರೆಯಬಾರದ ಮಾತು ಅದು. ಕೆಟ್ಟ ಪದ ಬಿದ್ದರೆ ಜಾಗ ಮುಚ್ಚುತ್ತಾರೆ, ನಿಜ. ಒಳ್ಳೆಯ ಪದ ಬಿದ್ದರೆ ಜಾಗವನ್ನು ಹಾಗೇ ಬಿಡುತ್ತಾರೆಯೇ? ಚಿನ್ನ ಇದೆ ಎಂದಾದರೆ ಅದರ ಬೆನ್ನು ಹತ್ತುತ್ತಾರೆ. ಇಷ್ಟು ಒಳ್ಳೆಯ ಪಟ್ಟೆ ಕೆಳಕ್ಕೂ ಹೋಗಿರಲೇಬೇಕು, ಇಲ್ಲಿಂದಲೇ ಕೆಳಕ್ಕೆ ಬಾವಿಯಂತೆ ಕೊರೆಯಿರಿ ಎಂದು ಹುಕುಂ ಬಂತು. ಬಾವಿ ಕೊರೆಯಲು ಹಳೆಯ ಕೈ ಬೇಕು. ಆ ಜಾಗದಲ್ಲಿ ಹಳೆಯ ಕೈ ಎಂದರೆ ಜಯರಾಮಪ್ಪನೇ.

ಆ ಭಾನುವಾರ ಜಯರಾಮಪ್ಪ ಬಂಗಾರಪೇಟೆಯಿಂದ ಜಿಲೇಬಿ ಕಟ್ಟಿಸಿಕೊಂಡು ತಂಗಿಯ ಮನೆಗೆ ಬಂದ.

"ಮೇಸ್ತ್ರಿ ಮಾಡವ್ರೆ ಕದಿರಿ ನಿಮ್ಮಣ್ಣನ್ನ! ತಳಕ್ಕೂ ಓಗಂಗಿಲ್ಲ, ಏನೂ ಇಲ್ಲ. ಇದ್ದ ಕಡೇನೇ ಬಾವಿ ತೋಡೋದು."

ಕದಿರಮ್ಮ ಗಂಡನನ್ನು ನೋಡಿದಳು. ಅಷ್ಟು ಮೆಚ್ಚಿಗೆಯಿಂದ ಅವಳು ಅವನನ್ನು ಹಿಂದೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಆಂಜಿನಪ್ಪ ತನ್ನ ಪಾಲಿನ ಜಿಲೇಬಿಯನ್ನು ಮಕ್ಕಳ ತಟ್ಟೆಗೆ ಹಾಕಿದ. ತಳದಲ್ಲಿ ಬಿಸಿ ಇದ್ದರೂ ಯಂತ್ರದ ಗಾಳಿ ಇರುತ್ತದೆ. ಹೊಸ ಬಾವಿಗೆ ಒಂದೇ ಬಾಯಿ. ಕೊರೆದ ಧೂಳು ಮೇಲೆ ಹೋಗಲು ದಾರಿಯಿಲ್ಲದೆ ಕೊರೆಯುವವನ ಮುಖದ ಮುಂದೆಯೇ ನಿಲ್ಲುತ್ತದೆ. ಇದು ಜಯರಾಮಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ನಗುತ್ತಿದ್ದ.

ಮಾರನೆಯ ದಿನ ಸಂಜೆ ಆಂಜಿನಪ್ಪ ರೈಲು ಹತ್ತದೆ ಆಂಡರ್ಸನ್‌ಪೇಟೆಗೆ ನಡೆದ. ಕುಪ್ಪುಸ್ವಾಮಿ ಜಗಲಿಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದರು. ಇವನು ಎಲ್ಲವನ್ನೂ ಹೇಳಿದ. ಅವರು ಆರಿಸುವುದನ್ನು ನಿಲ್ಲಿಸಲಿಲ್ಲ.

"ಪದಕ್ಕೆ ಊರು ಕೇರಿ ಎಲ್ಲ ಹೇಳ್ಕೊಟ್ಟೆ. ಅದು ಸಾಕ್ಷಿ ಅಂತ ಹೇಳಿರಲಿಲ್ಲವಾ ನಿನಗೆ? ಸಾಕ್ಷಿ ಕೈಲಿ ಸುಳ್ಳು ಹೇಳ್ಸಿಬಿಟ್ಟೆ."

"ಈಗೇನ್ ಮಾಡ್ಲಿ ಸಾಮಿ?"

"ಏನು ಮಾಡ್ತೀಯ? ನಾಳೆ ಆಫೀಸಿಗೆ ಹೋಗಿ, ನನ್ನ ಕೈ ವಾಲಿತು ಅಂತ ಹೇಳು. ಬಾವಿ ನಿಲ್ಲುತ್ತೆ. ನಿನ್ನ ಕೆಲಸ ಹೋಗಬೋದು. ಹೋಗಲಿ."

ಆಂಜಿನಪ್ಪ ಮಾರನೆಯ ದಿನ ಆಫೀಸಿನ ಮೆಟ್ಟಿಲ ತನಕ ಹೋದ. ಒಗೆದ ಅಂಗಿ ಹಾಕಿಕೊಂಡಿದ್ದ. ಮೆಟ್ಟಿಲು ಏಳೇ ಇದ್ದವು. ನಾಲ್ಕು ಹತ್ತಿದ. ಮನೆಯಲ್ಲಿ ಎರಡು ಹೆಣ್ಣುಮಕ್ಕಳು, ಕೂಲಿ ಮಾಡಲಾರದ ಅಪ್ಪ. ಹುಡುಗ ಸಾಹೇಬರು ಒಳಗಿನಿಂದ ಬಂದು, "ಏನು ಆಂಜಿನಪ್ಪ, ಬಣ್ಣ ಮುಗೀತಾ?" ಎಂದರು. "ಊಂ ಸಾರ್, ಬಿಳೀ ಬಣ್ಣ" ಎಂದ. ಬಣ್ಣಕ್ಕೆಂದು ಅವರು ಒಂದು ಚೀಟಿ ಬರೆದುಕೊಟ್ಟರು. ಅದನ್ನು ತೆಗೆದುಕೊಂಡು ಉಗ್ರಾಣಕ್ಕೆ ಹೋದ. ಅವನ ಪರವಾಗಿ ಇಲ್ಲಿ ಹೇಳಲು ಏನೂ ಇಲ್ಲ. ಮಕ್ಕಳ ನೆಪ ನಿಜವೇ, ಆದರೆ ನೆಪವೂ ಹೌದು.

ಬಾವಿಯಲ್ಲಿ ತೆಗೆದ ಮಾದರಿಗಳನ್ನು ಅವನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೊರೆದ. ಒಂದೊಂದು ಚೀಟಿಯೂ ಸೊನ್ನೆಯ ಹತ್ತಿರ ಬಂತು. ಒಂದೊಂದು ಪೆಟ್ಟಿಗೆಯ ಮೇಲೂ ಗಿಡ್ಡ ಪದ ಬರೆದು, ಎಲ್ಲರಿಗೂ ಕಾಣುವಂತೆ ಬಾಗಿಲಿನ ಎದುರಿಗೇ ಇಟ್ಟ. ಆಗ ಯಾರೂ ಅದನ್ನು ನಂಬಲಿಲ್ಲ. ಮೇಲೆ ಅಷ್ಟು ಚೆನ್ನಾಗಿದ್ದದ್ದು ಹಾಗೆ ಮಾಯವಾಗಲು ಸಾಧ್ಯವೇ, ಇನ್ನೂ ಕೆಳಗೆ ಸಿಕ್ಕೇ ಸಿಗುತ್ತದೆ ಎಂದರು. ಎಂಟು ತಿಂಗಳು ಕೊರೆದರು. ಸುಳ್ಳನ್ನು ಒಂದೇ ಏಟಿಗೆ ನಂಬಿದವರಿಗೆ ನಿಜವನ್ನು ನಂಬಲು ಎಂಟು ತಿಂಗಳು ಬೇಕಾಯಿತು. ಎಂಬತ್ತನಾಲ್ಕರ ಬೇಸಿಗೆಯಲ್ಲಿ ಬಾವಿಯನ್ನು ಕೈಬಿಟ್ಟರು.

ಜಯರಾಮಪ್ಪ ಅಲ್ಲಿಂದ ಬರುವಾಗ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಮೂರು ವರ್ಷ ಹೇಗೋ ಹಗುರ ಕೆಲಸ ಕೊಟ್ಟರು. ಆಮೇಲೆ ಡಾಕ್ಟರು ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಬರೆದರು, ಉರಿಗಾಂನ ಮನೆ ಬಿಟ್ಟು ಅವನು ಬೇತಮಂಗಲದ ಹತ್ತಿರದ ತನ್ನೂರಿಗೆ ಹೋದ. ಎದೆಯೊಳಗೆ ಕಲ್ಲಿನ ಧೂಳು ಕೂತಿದೆ ಎಂದರು ಡಾಕ್ಟರು. ಯಾವ ವರ್ಷದ ಧೂಳು ಎಂದು ಆಂಜಿನಪ್ಪ ಕೇಳಿದ. ಡಾಕ್ಟರು ಇದೆಂಥ ಪ್ರಶ್ನೆ ಎಂಬಂತೆ ನೋಡಿ, ಇಪ್ಪತ್ತೈದು ವರ್ಷದ್ದೂ ಇರುತ್ತದಪ್ಪ ಎಂದರು. ಆಂಜಿನಪ್ಪನಿಗೆ ಸಮಾಧಾನವಾಗಲಿಲ್ಲ. ಆ ಎಂಟು ತಿಂಗಳನ್ನು ಬೇರೆ ಮಾಡಿ ತೂಗುವ ಪರೀಕ್ಷಾಶಾಲೆ ಎಲ್ಲೂ ಇರಲಿಲ್ಲ.

ಪ್ರತಿ ಭಾನುವಾರ ಆಂಜಿನಪ್ಪ ಕದಿರಮ್ಮನೊಡನೆ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದ. ತೊಂಬತ್ತೊಂದರ ಮಾಘಮಾಸದಲ್ಲಿ ಹೋದಾಗ ಜಯರಾಮಪ್ಪ ಹೊಂಗೆಯ ಮರದ ಕೆಳಗೆ ಹಗ್ಗದ ಮಂಚದ ಮೇಲೆ ದಿಂಬುಗಳಿಗೆ ಒರಗಿದ್ದ. ಮಲಗಲು ಆಗುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು. ಕೈಯಲ್ಲಿ ಎದೆಯ ಎಕ್ಸ್‌ರೇ. ಬಿಸಿಲಿಗೆ ಹಿಡಿದು ನೋಡುತ್ತಿದ್ದ.

"ಬಾ ಆಂಜಿನಪ್ಪ, ಇದ ನೋಡು ಬಾ. ಕಪ್ಪು, ಅದರ ಮದ್ಯೆ ಬಿಳೀದು. ನಮ್ಮ ಬಂಡೆ ಇದ್ದಂಗೇ ಐತೆ." ಒಂದೊಂದು ಮಾತಿಗೂ ನಿಲ್ಲುತ್ತಿದ್ದ. "ಅದೇನೋ ಉದ್ದನ್ನ ಪದ ಬರೀತಿದ್ದೆಯಲ್ಲ, ಚಿನ್ನ ಒತ್ತಿದ್ದು ಅಂತ. ಇದರ ಮ್ಯಾಲೆ ಬರೀಬೋದಾ?"

ಹೂಂ ಎಂದರೆ ಮುಗಿಯುತ್ತಿತ್ತು. ಸಾಯುವವನು ತಮಾಷೆಗೆ ಕೇಳಿದ ಮಾತು. ಆದರೆ ಆಂಜಿನಪ್ಪನ ಬಾಯಿಗೆ ಹೂಂ ಬರಲಿಲ್ಲ.

"ಇಲ್ಲ ಬಾವ. ಬರೆಯಂಗಿಲ್ಲ. ಆ ಬಾವೀಲಿ ಏನೂ ಇರ್ಲಿಲ್ಲ. ಮ್ಯಾಲೂ ಇರ್ಲಿಲ್ಲ. ನಾನೇ ಬಿಳೀದನ್ನ ಜಾಸ್ತಿ ಕೊರೆದೆ. ನಿನ್ನ ತಳಕ್ಕೆ ಕಳಿಸಬಾರದು ಅಂತ ಮಾಡ್ದೆ." ಎಂಟು ವರ್ಷ ಕಟ್ಟಿಟ್ಟಿದ್ದು ಒಂದೇ ಉಸಿರಿಗೆ ಬಂತು. "ನಿನ್ನ ಬಾವಿಗೆ ಇಳಿಸಿದೋನು ನಾನು ಬಾವ."

ಜಯರಾಮಪ್ಪ ಎಕ್ಸ್‌ರೇಯನ್ನು ಮಡಿಲ ಮೇಲೆ ಇಟ್ಟುಕೊಂಡ.

"ಗೊತ್ತು" ಎಂದ.

"ಗೊತ್ತಾ?"

"ನೀನು ಕೊರೆದ ಮಾರನೇ ದಿನ ಡ್ರಿಲ್ಲು ಇಡಕ್ಕೆ ಅಂತ ಬಂಡೆ ಮುಂದೆ ನಿಂತೋನು ನಾನಲ್ವಾ? ನಿನ್ನ ಕಾಲುವೆ ನೋಡ್ದೆ. ಬಿಳೀ ಕಡೆ ಮೂರಂಗುಲ, ಕರೀ ಕಡೆ ಬರೀ ಗೀರು. ಕುರುಡನಿಗೂ ಕಾಣ್ತಿತ್ತು. ಸಾಹೇಬ್ರು ಯಾರಾನ ಬಂದು ನೋಡಿದ್ರೆ ನಿನ್ನ ಕೆಲ್ಸ ಬಿಡಿಸಿ ಮನೆಗೆ ಕಳಿಸೋರು." ಕೆಮ್ಮು ಬಂತು, ಕಾದ. "ಅದಕ್ಕೇ ಸುತ್ತಿಗೆ ತಗೊಂಡು ಕರೀ ಕಡೇನೂ ಆಳ ಮಾಡ್ದೆ. ಮೂರು ಸಲಾನೂ. ಸರಿಸಮ ಮಾಡಿ, ಆಮ್ಯಾಲೆ ಮದ್ದು ಇಟ್ಟು ಬಂಡೆ ಸಿಡಿಸ್ದೆ."

ಆಂಜಿನಪ್ಪ ಬಾವನ ಮಡಿಲಿಂದ ಎಕ್ಸ್‌ರೇ ಎತ್ತಿಕೊಂಡ. ಆಮೇಲೆ ಕೇಳಿದ. "ಬಾವೀಲಿ ಏನೂ ಇಲ್ಲ ಅಂತ ಗೊತ್ತಿದ್ದೂ ಇಳಿದ್ಯಾ?"

"ಇಳೀದೆ ಇರೋಕಾಯ್ತದಾ? ಯಾಕಯ್ಯ ಇಳಿಯಲ್ಲ ಅಂತ ಸಾಹೇಬ್ರು ಕೇಳಿದ್ರೆ ಏನು ಏಳ್ಲಿ ನಾನು? ಕದಿರಿ ಗಂಡನ ಎಸರು ಏಳ್ಲಾ?"

ಮನೆಯೊಳಗೆ ಕದಿರಮ್ಮ ಅಣ್ಣನಿಗೆಂದು ಗಂಜಿ ಆರಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳಿಗೆ ಹೇಳಬಾರದು ಎಂದು ಇಬ್ಬರೂ ಬಾಯಿ ಬಿಡದೆಯೇ ಒಪ್ಪಿಕೊಂಡರು. ಆಂಜಿನಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ಸಾಕು ಬಿಡು" ಎಂದ ಜಯರಾಮಪ್ಪ. "ಬಿಸಿಲು ಬಂತು ಮಂಚಕ್ಕೆ. ನನ್ನ ಎತ್ಕೊಂಡು ಓಗಿ ಒಳಗಾಕು."

ಆಂಜಿನಪ್ಪ ಎಕ್ಸ್‌ರೇಯನ್ನು ಕಂಕುಳಲ್ಲಿ ಇರುಕಿಕೊಂಡು ಬಾವನನ್ನು ಎರಡು ತೋಳುಗಳಲ್ಲಿ ಎತ್ತಿಕೊಂಡ. ಹತ್ತೊಂಬತ್ತು ವರ್ಷ ಕಲ್ಲಿನ ಚೀಲ ಹೊತ್ತ ಹೆಗಲು ಅದು. ಭಾರವನ್ನು ಎತ್ತುವ ಮೊದಲೇ ಅಂದಾಜು ಮಾಡಿ ಕಾಲು ಗಟ್ಟಿಯಾಗಿ ಊರುವುದು ಅಭ್ಯಾಸ. ಹಾಗೆಯೇ ಊರಿ ಎತ್ತಿದ. ಅಂದಾಜು ತಪ್ಪಿತ್ತು. ತೋಳುಗಳ ಮೇಲೆ ಏನೂ ಇಲ್ಲವೇನೋ ಎಂಬಷ್ಟು ಸಲೀಸಾಗಿ ಜಯರಾಮಪ್ಪ ಮೇಲೆ ಬಂದುಬಿಟ್ಟ, ಆಂಜಿನಪ್ಪ ಆಯ ತಪ್ಪಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಭಾರ ಅದೀನೇನೋ?" ಎಂದ ಜಯರಾಮಪ್ಪ.

"ಊಂ ಬಾವ" ಎಂದ ಆಂಜಿನಪ್ಪ. "ಭಾರ ಅದೀಯ."